ಹನಕೆರೆ ಹತ್ತಿರ ಕಾರು ಕುದಿದದ್ದು ಯಾರಿಂದ

ಕಿರುಗಾವಲು
೩೦ ಏಪ್ರಿಲ್ ೨೦೨೪, ಮಂಗಳವಾರ

ನನ್ನ ಮುದ್ದು ಅತ್ತೆಗೆ,

ನಿಮ್ಮ ಸೊಸೆ ಮೇಧಾ ಕಾಲಿಗೆ ಬಿದ್ದವಳು ಏಳದೆ, ಬಿದ್ದುಕೊಂಡೇ ಬರೆಯುತ್ತಿರುವ ಕಾಗದ ಇದು.

ಫೋನ್ ಇರುವಾಗ ಇವಳಿಗೇನು ಬಂತು ಅಂತ ನಗಬೇಡಿ. ಫೋನಿನಲ್ಲಿ ನಾನು ಕಾರು ಅಂತ ಬಾಯಿ ತೆರೆದರೆ ಸಾಕು, ನೀವು ‘ಅದ್ ಬುಡು ಮಗ, ಊಟಕ್ಕೇನ್ ಮಾಡಿದ್ದೆ’ ಅನ್ನುತ್ತೀರಿ. ನಾನೋ, ಬಸ್ಸಾರಿಗೆ ಉಪ್ಪು ಹೆಚ್ಚಾಯಿತು, ಆದರೂ ಸ್ವರೂಪ್ ಎರಡು ಸಲ ಬಡಿಸಿಕೊಂಡರು, ಎಷ್ಟು ಒಳ್ಳೆಯವರು ಅಲ್ವಾ ಅತ್ತೆ ಅಂತ ಶುರುಮಾಡಿ, ಹೇಳಬೇಕಾದ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿ ಇಟ್ಟುಬಿಡುತ್ತೇನೆ. ಕಾಗದವಾದರೆ ನೀವು ನಡುವೆ ಮಾತು ತಪ್ಪಿಸುವಂತಿಲ್ಲ, ನಾನೂ ತಪ್ಪಿಸಿಕೊಳ್ಳುವಂತಿಲ್ಲ. ಇಂಗ್ಲಿಷ್ ಮೀಡಿಯಂ ಹುಡುಗಿ. ಪರೀಕ್ಷೆ ಬಿಟ್ಟರೆ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಕೋಳಿ ಕೆದರಿದ ಹಾಗಿದೆ, ಸೈರಿಸಿಕೊಳ್ಳಿ.

ಎರಡು ದಿನಕ್ಕೆ ಅಂತ ಮದ್ದೂರಿಗೆ, ನಿಮ್ಮ ಅಣ್ಣ ಅಶೋಕ್ ಅವರ ಮನೆಗೆ ಹೋದವರು ನೀವು. ಅವರ ಮೊಮ್ಮಗಳ ನಾಮಕರಣ ಮುಗಿದು ವಾರ ಕಳೆಯಿತು. ನೀವು ಬರಲಿಲ್ಲ. ಇಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರಿಗೆ ನೇರವಾಗಿ ಕಾಫಿಪುಡಿ ಹಾಕಬಹುದು, ಅಷ್ಟು ಬಿಸಿ. ನಾಯಿ ಬಚ್ಚಲ ಬಾಗಿಲಲ್ಲಿ ಬಿದ್ದದ್ದು ಸಂಜೆಯವರೆಗೆ ಏಳುವುದಿಲ್ಲ. ಕಾರು ಮಳವಳ್ಳಿಯಿಂದ ರಿಪೇರಿಯಾಗಿ ಬಂದಿದೆ. ಮೈತುಂಬ ಹೊಂಗೆ ಹೂವು ಉದುರಿಸಿಕೊಂಡು ಮರದ ಕೆಳಗೆ ನಿಂತಿದೆ, ಒರೆಸುವವರಿಲ್ಲ. ಮಾವ ದಿನಕ್ಕೊಮ್ಮೆ ‘ಮಾರಾಕ್ಬುಡ್ತೀನಿ ಇದ್ನ’ ಅನ್ನುತ್ತಾರೆ. ಆದರೆ ನೆರಳು ಸರಿದ ಹಾಗೆಲ್ಲ, ಯಾರೂ ನೋಡುತ್ತಿಲ್ಲ ಅಂದುಕೊಂಡು ಹೋಗಿ, ಕಾರನ್ನೂ ಸರಿಸಿ ಬರುತ್ತಾರೆ. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿರುತ್ತೇನೆ.

ನಿನ್ನೆ ಬೀರುವಿನಲ್ಲಿ ಬಟ್ಟೆ ಇಡುವಾಗ, ರೇಷ್ಮೆ ಸೀರೆಗಳ ಅಡಿಯಲ್ಲಿ ನಿಮ್ಮ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ಹಣೆ ತುಂಬ ಕುಂಕುಮ ಇಟ್ಟುಕೊಂಡು, ಫೋಟೋ ತೆಗೆಯುವವನನ್ನೇ ಗದರಿಸುವ ಹಾಗೆ ನೋಡುತ್ತಿದ್ದೀರಲ್ಲ, ಆ ಕಾರ್ಡು. ಇನ್ನು ಯಾವತ್ತೂ ಬೇಡ ಅಂತಲೇ ಅಷ್ಟು ಅಡಿಗೆ ಇಟ್ಟಿದ್ದೀರಿ ಅಂತ ಗೊತ್ತಾಯಿತು. ಆಮೇಲೆ ನನಗೆ ಏನೂ ಸೇರಲಿಲ್ಲ.

ಅತ್ತೆ, ಕಾರು ಕುದಿದದ್ದು ನಿಮ್ಮಿಂದಲ್ಲ. ನನ್ನಿಂದ.

ಮೊದಲಿಂದ ಹೇಳುತ್ತೇನೆ.

ನಮ್ಮ ಬೆಳಗುಗಳು ಎಷ್ಟು ಚೆನ್ನಾಗಿದ್ದವು! ಮದುವೆಯ ಅರಿಶಿನ ಇನ್ನೂ ಕೈಯಿಂದ ಹೋಗಿರಲಿಲ್ಲ, ನೀವು ನಾಲೆ ಏರಿಯ ಮೇಲೆ ಸ್ವರೂಪ್ ಪಕ್ಕದಲ್ಲಿ ಕೂತು ಕಾರು ಕಲಿಯುತ್ತಿದ್ದಿರಿ. ನಾನು ಹಿಂದಿನ ಸೀಟಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆ. ಯಾವ ಸೊಸೆಗೆ ಸಿಕ್ಕೀತು ಇಂಥ ಅತ್ತೆ, ಐವತ್ತೆರಡಕ್ಕೆ ಲೈಸೆನ್ಸ್ ತೆಗೆದುಕೊಂಡವರು! ಅದು ಬಂದ ದಿನ ಮಾವ ಜಗಲಿಯಲ್ಲಿ ನಿಂತು, ‘ಕುರಿ ಕೋಳಿನೆಲ್ಲ ಕಟ್ಟಾಕ್ರಪ್ಪೋ, ಇಂದ್ರಮ್ಮ ಬತ್ತಾವ್ಳೆ’ ಅಂತ ಬೀದಿಗೇ ಕೂಗಿದರು. ನೀವು ಸೆರಗು ಸಿಕ್ಕಿಸಿಕೊಂಡು, ‘ಕುರಿ ಕೋಳಿಗೇನೂ ಆಗಕಿಲ್ಲ, ನೀವೊಬ್ರು ಅಡ್ಡ ಬರ್ಬೇಡಿ’ ಅಂದಿರಿ. ನಾನು ನಕ್ಕು ನಕ್ಕು ಹೊಂಗೆ ಮರ ಹಿಡಿದುಕೊಂಡಿದ್ದೆ.

ನನಗೆ ಓಡಿಸಲು ಬರುವುದಿಲ್ಲವಲ್ಲ, ಅದಕ್ಕೆ ಕಾರಿನ ಬೇಸಿಗೆ ಆರೈಕೆ ನನ್ನದು ಅಂತ ನಾನೇ ವಹಿಸಿಕೊಂಡೆ. ಫೋನಿನಲ್ಲಿ ಎಷ್ಟು ವಿಡಿಯೋ ನೋಡಿದೆ! ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗಲೇ ನೋಡಬೇಕು. ಕಾರು ನಿಲ್ಲಿಸಿದಾಗ ಕಿಟಕಿ ಗಾಜು ಒಂದು ಬೆರಳಷ್ಟು ಇಳಿಸಿರಬೇಕು. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಹಾಳೆ, ಸ್ಟೇರಿಂಗಿಗೆ ಒಂದು ಟವೆಲ್. ಹಕ್ಕಿ ಹಿಕ್ಕೆ ಬಿದ್ದರೆ ಬಿಸಿಲೇರುವ ಮೊದಲೇ ಒದ್ದೆ ಬಟ್ಟೆಯಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣವನ್ನೇ ತಿನ್ನುತ್ತದೆ. ನಾನು ಓದಿ ಹೇಳುತ್ತಿದ್ದೆ, ನೀವು ‘ಎಳೆ ಮಗೀಗೂ ಇಂಗ್ ಮಾಡಕಿಲ್ಲ ಕಣ್ ಮಗ’ ಅನ್ನುತ್ತಲೇ ಎಲ್ಲ ಮಾಡುತ್ತಿದ್ದಿರಿ. ಇಂಜಿನ್ ತಂಪಾಗಿಡುವ ಕೂಲೆಂಟ್ ಡಬ್ಬಿಯ ಹಸಿರು ನೀರು ಗೆರೆಗಿಂತ ಕೆಳಗಿಳಿದಿದೆಯಾ ಅಂತ ನಾವಿಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡುತ್ತಿದ್ದೆವು.

ಆ ದಿನಗಳಲ್ಲೇ ನೀವು ಹಿತ್ತಲಿನ ಕುಡಿಯುವ ನೀರಿನ ಗಡಿಗೆಗೆ ಗೋಣಿ ತಾಟು ಸುತ್ತಿ, ಅದರ ಮೇಲೆ ನೀರು ಚಿಮುಕಿಸುವುದನ್ನು ತೋರಿಸಿದಿರಿ. ಸಂಜೆ ಒಂದು ಲೋಟ ಕುಡಿದೆ. ಅಬ್ಬ! ತವರು ಗುತ್ತಲಿನಲ್ಲಿ ಫ್ರಿಜ್ಜಿನ ನೀರು ಕುಡಿದು ಬೆಳೆದವಳು ನಾನು, ಅಂಥ ತಂಪು ಕಂಡಿರಲಿಲ್ಲ. ನನ್ನ ತಲೆಯಲ್ಲಿ ಬಲ್ಬು ಹತ್ತಿದ್ದು ಆಗಲೇ.

ರಾಮನವಮಿಗೆ ಅಮ್ಮ ಪಾನಕ ಕೋಸಂಬರಿಗೆ ಕರೆದಿದ್ದಳಲ್ಲ. ಮೊದಲ ಸಲ ಬೀಗರ ಮನೆಗೆ ನೀವೇ ಕಾರು ಓಡಿಸಿಕೊಂಡು ಹೋಗುವುದು ಅಂತ ನಿಶ್ಚಯವಾಯಿತು. ಸ್ವರೂಪ್‌ಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ಮಾವ ‘ನಂಗಿನ್ನೂ ಜೀವದ ಆಸೆ ಐತೆ ಕಣ್ರವ್ವ’ ಅಂತ ಬಸ್ಸಿಗೆ ಹೋದರು. ಆ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ನಾನು ಅರ್ಧ ಗೋಣಿ ತಾಟು ನೆನೆಸಿ, ಬಾನೆಟ್ ಎತ್ತಿ, ಕಾರಿನ ಮೂತಿಯ ಜಾಲರಿಗೂ ರೇಡಿಯೇಟರಿಗೂ ನಡುವೆ ಇರುವ ಸಂದಿಯಲ್ಲಿ ಇಳಿಬಿಟ್ಟೆ. ಗಡಿಗೆ ತಣ್ಣಗಿರುತ್ತದೆ ಅಂದರೆ ಇಂಜಿನ್ನೂ ತಣ್ಣಗಿರಬೇಕಲ್ಲ! ನನ್ನ ಜಾಣತನಕ್ಕೆ ನಾನೇ ಬೆರಗಾದೆ. ನಿಮಗೂ ಹೇಳಲಿಲ್ಲ. ಗುತ್ತಲಿನಲ್ಲಿ ಎಲ್ಲರ ಮುಂದೆ ಬಾನೆಟ್ ಎತ್ತಿ, ನೋಡಿ ನಮ್ಮ ಅತ್ತೆಯ ಗಡಿಗೆ ವಿದ್ಯೆ, ಅಂತ ತೋರಿಸಬೇಕು ಅಂತಿದ್ದೆ.

ರೇಡಿಯೇಟರು ತಣ್ಣಗಾಗುವುದು ಎದುರಿನ ಗಾಳಿ ಒಳಗೆ ನುಗ್ಗಿದರೆ ಮಾತ್ರ ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಓಡುವವರ ಮೂಗು ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದ ಹಾಗೆ ಮಾಡಿದ್ದೆ ನಾನು.

ನಿಮ್ಮ ಅಣ್ಣನನ್ನು ನೋಡಿಕೊಂಡು ಹೋಗೋಣ ಅಂತ ಮದ್ದೂರಿನ ದಾರಿ ಹಿಡಿದೆವಲ್ಲ, ಅಲ್ಲಿಯವರೆಗೆ ಏನೂ ಆಗಲಿಲ್ಲ, ಬೆಳಗಿನ ತಂಪಿತ್ತು. ಅಲ್ಲಿ ನೀವು ಅಶೋಕ್ ಮಾವನ ಮನೆಯೊಳಗೆ ಮಜ್ಜಿಗೆ ಕುಡಿಯುತ್ತಿದ್ದಾಗ ನಾನು ಫೋನ್ ಮರೆತೆ ಅಂತ ಸುಳ್ಳು ಹೇಳಿ ಹೊರಗೆ ಬಂದೆ. ಗೋಣಿ ಒಣಗಿತ್ತು. ಅಂಗಳದ ಬಕೆಟ್ಟಿನಿಂದ ನೀರು ಸುರಿದು, ಇನ್ನೂ ಅಗಲ ಮಾಡಿ, ಇನ್ನೂ ಒಳಕ್ಕೆ ತಳ್ಳಿದೆ. ಅಷ್ಟು ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು.

ಹೈವೇಯಲ್ಲಿ ನೀವು ಹೇಗೆ ಕೂತಿದ್ದಿರಿ! ಬೆನ್ನು ನೆಟ್ಟಗೆ, ಎರಡೂ ಕೈ ಸ್ಟೇರಿಂಗಿನ ಮೇಲೆ. ‘ಬೀಗರ ಮನೆ ಗೇಟ್ ಮುಂದೆ ರಿವರ್ಸ್ ಆಕಿ ನಿಲ್ಲುಸ್ತೀನಿ ಕಣ್ ಮಗ, ನೋಡ್ಕತಿರು’ ಅಂದಿರಿ. ನಾನು ವಿಡಿಯೋ ಮಾಡುತ್ತಿದ್ದೆ. ಎಸಿ ಗಾಳಿ ಬೆಚ್ಚಗಾಯಿತು, ನಾನು ಇನ್ನೂ ಜಾಸ್ತಿ ಮಾಡಿದೆ. ಆಗ ನೀವು, ‘ಇದೇನ್ ಕೆಂಪ್ ದೀಪ ಅತ್ಕಂಡದೆ ಮಗ, ನಿಲ್ಲುಸ್ಲಾ?’ ಅಂತ ಕೇಳಿದಿರಿ.

ನಾನು ಏನು ಹೇಳಿದೆ ಅಂತ ನಿಮಗೆ ಗೊತ್ತು. ‘ಅದೇನೂ ಅಲ್ಲ ಅತ್ತೆ, ಈ ಬಿಸಿಲಿಗೆ ಎಲ್ಲ ಕಾರಿನಲ್ಲೂ ಹೀಗೇ. ಅಮ್ಮ ಗೇಟಿನಲ್ಲಿ ಕಾಯ್ತಿದ್ದಾಳೆ, ನಡೀರಿ ನಡೀರಿ.’ ಅದು ಏನಂತ ನನಗೆ ನಿಜವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಇಷ್ಟು ದಿನ ವಿಡಿಯೋ ನೋಡಿ ಪಾಠ ಹೇಳಿದವಳಲ್ಲವೇ ನಾನು. ನೀವು ನನ್ನ ಮಾತು ನಂಬಿದಿರಿ.

ಹನಕೆರೆ ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದಿತು. ನೀವು ಹೆದರದೆ, ಇಂಡಿಕೇಟರ್ ಹಾಕಿ, ಬದಿಗೆ ತಂದು ನಿಲ್ಲಿಸಿದಿರಿ. ನನ್ನನ್ನು ಕೈ ಹಿಡಿದು ಮೊದಲು ಇಳಿಸಿ ದೂರ ನಿಲ್ಲಿಸಿದಿರಿ. ಆಮೇಲೆ ಖಾಲಿ ಕ್ಯಾನು ಹಿಡಿದು ಆ ಬಿಸಿಲಿನಲ್ಲಿ, ಉಟ್ಟ ರೇಷ್ಮೆ ಸೀರೆಯಲ್ಲಿ, ರಸ್ತೆಯಾಚೆಯ ಮನೆಗಳ ಕಡೆ ನೀರಿಗೆ ಓಡಿದಿರಿ.

ನೀವು ಅತ್ತ ಹೋದದ್ದೇ ನಾನು ಸೆರಗು ಕೈಗೆ ಸುತ್ತಿಕೊಂಡು ಬಾನೆಟ್ ಎತ್ತಿದೆ. ಗೋಣಿ ಸುಟ್ಟ ವಾಸನೆ. ಎಳೆದೆ, ಬಂತು. ಮೋರಿಯ ಆಚೆ ಕಬ್ಬಿನ ಗದ್ದೆಯೊಳಕ್ಕೆ ಎಸೆದುಬಿಟ್ಟೆ. ಯೋಚನೆ ಮಾಡಿ ಎಸೆದದ್ದಲ್ಲ ಅಂತ ಬರೆಯಬೇಕು ಅನ್ನಿಸುತ್ತಿದೆ. ಆದರೆ ಎಸೆಯುವ ಮೊದಲು ನೀವು ಬರುತ್ತಿದ್ದೀರಾ ಅಂತ ತಿರುಗಿ ನೋಡಿದೆ, ಅತ್ತೆ. ಅಷ್ಟು ಯೋಚನೆ ಇತ್ತು.

ಬೆರಳು ಸುಟ್ಟಿತ್ತು. ಬಾನೆಟ್ ತಾಗಿತು ಅಂದೆ. ಗುತ್ತಲಿಗೆ ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ನೀವು ಆ ಬೆರಳನ್ನು ಹಿಡಿದು ಊದುತ್ತಿದ್ದಿರಿ. ನಿಮ್ಮ ಸೀರೆಯೆಲ್ಲ ನೀರು, ಮಣ್ಣು. ‘ಕಾರ್ ಹೋದ್ರೆ ಹೋಯ್ತದೆ, ನಿಂಗೇನಾರ ಆಗಿದ್ರೆ ನಿಮ್ಮವ್ವಂಗೆ ಏನೇಳ್ಲಿ’ ಅಂದಿರಿ. ಆಗಲೇ ಹೇಳಬಹುದಿತ್ತು. ಆಟೋದವನಿದ್ದಾನೆ ಅಂತ ನನಗೆ ನಾನೇ ನೆಪ ಹೇಳಿಕೊಂಡೆ.

ಮಳವಳ್ಳಿಯ ಮೆಕ್ಯಾನಿಕ್ ಮಹದೇವು ಗಾಡಿ ಎಳೆದುಕೊಂಡು ಹೋಗಲು ಬಂದವನು ಎಲ್ಲ ನೋಡಿ, ಪೈಪು ಸೋರಿಲ್ಲ, ಫ್ಯಾನು ಸರಿಯಾಗಿದೆ, ಕಾರಣ ಗೊತ್ತಾಗುತ್ತಿಲ್ಲ ಅಂದನಂತೆ. ಕುದಿದು ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗಿದೆ, ದೀಪ ಹತ್ತಿದ ಮೇಲೂ ನಿಲ್ಲಿಸದೆ ಓಡಿಸಿದ್ದಾರೆ ಅಂತ ಮಾವನಿಗೆ ಫೋನ್ ಮಾಡಿದ. ಮಾವ ಆಗ ನಮ್ಮ ಮನೆಯ ಹಾಲ್‌ನಲ್ಲಿ, ನಮ್ಮ ಅಪ್ಪನ ಪಕ್ಕದಲ್ಲಿ ಕೂತಿದ್ದರು. ಫೋನ್ ಇಟ್ಟವರೇ, ‘ದೀಪ ಉರೀತಿದ್ರೂ ಓಡ್ಸಿದ್ದೀಯಲ್ಲಮ್ಮಿ, ಕಣ್ಣಿತ್ತಾ ಇಲ್ವಾ ನಿಂಗೆ? ಎಮ್ಮೆ ಒಡ್ಕಂಡ್ ಇರೋರ್ ಕೈಗೆ ಕಾರ್ ಕೊಟ್ಟಿದ್ದು ನಂದೇ ತಪ್ಪು’ ಅಂದರು. ಅಪ್ಪ ಪೇಪರ್ ಎತ್ತಿಕೊಂಡರು. ಅಮ್ಮ ಪಾನಕದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

ನೀವು ನನ್ನ ಕಡೆ ಒಂದು ಸಲ ನೋಡಿದಿರಿ. ಒಂದೇ ಸಲ. ನಾನು ತಲೆ ತಗ್ಗಿಸಿದೆ. ನೀವು ನಿಮ್ಮ ಹತ್ತಿರವಿದ್ದ ಇನ್ನೊಂದು ಕೀಲಿ ತೆಗೆದು ಟೀಪಾಯಿಯ ಮೇಲಿಟ್ಟು, ‘ತಕ್ಕಳಿ ನಿಮ್ ಗಾಡಿಯ. ಇನ್ನು ನಾನು ಮುಟ್ಟಕಿಲ್ಲ’ ಅಂದಿರಿ. ಮೇಧಾನೇ ನಡೀರಿ ಅಂದಳು ಅಂತ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ನಮ್ಮ ಅಪ್ಪ ಅಮ್ಮನ ಮುಂದೆ ನನ್ನ ಮುಖ ಉಳಿಸಿ ನಿಮ್ಮದನ್ನು ಕಳೆದುಕೊಂಡಿರಿ. ಆವತ್ತಿನಿಂದ ಇವತ್ತಿನವರೆಗೂ ನೀವು ಯಾರಿಗೂ ಹೇಳಿಲ್ಲ.

ಇನ್ನೊಂದಿದೆ. ಇದನ್ನು ಬರೆಯಲೋ ಬೇಡವೋ ಅಂತ ಎದ್ದು ಹೋಗಿ ಹೊಂಗೆ ಹೂವು ಗುಡಿಸಿ ಬಂದೆ. ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಅಮ್ಮ ನನ್ನ ಹತ್ತಿರ, ‘ಪಾಪ, ಈ ವಯಸ್ಸಿನಲ್ಲಿ ಅವರಿಗೆ ಯಾಕೆ ಬೇಕಿತ್ತು ಡ್ರೈವಿಂಗ್ ಎಲ್ಲ’ ಅಂದಳು. ನಾನು ‘ಹೌದಮ್ಮ’ ಅಂದೆ. ಗೋಣಿ ಇಟ್ಟದ್ದು ಪೆದ್ದುತನ, ಎಸೆದದ್ದು ಹೆದರಿಕೆ ಅಂತ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಬಹುದು. ಆ ‘ಹೌದಮ್ಮ’ಕ್ಕೆ ನನಗೆ ಯಾವ ಹೆಸರೂ ಸಿಗುತ್ತಿಲ್ಲ. ನಮ್ಮ ಮದುವೆಗೆ ಎರಡು ಮನೆಯವರೂ ಮುಖ ಊದಿಸಿಕೊಂಡಿದ್ದಾಗ, ನೀವೊಬ್ಬರೇ ಬಸ್ಸಿನಲ್ಲಿ ಗುತ್ತಲಿಗೆ ಬಂದು ಇದೇ ಅಡುಗೆಮನೆಯಲ್ಲಿ ಅಮ್ಮನ ಕೈ ಹಿಡಿದು, ‘ನಿಮ್ ಕೂಸ್ನ ನನ್ ಕೂಸಂಗೆ ನೋಡ್ಕತೀನಿ ಕಣ್ರವ್ವ’ ಅಂದಿದ್ದಿರಿ. ನಾನು ಅಲ್ಲೇ ನಿಂತು ನಿಮ್ಮನ್ನು ಬಿಟ್ಟುಕೊಟ್ಟೆ.

ಸ್ವರೂಪ್‌ಗೆ ಇದು ಯಾವುದೂ ಗೊತ್ತಿಲ್ಲ, ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಇಲ್ಲ ಅತ್ತೆ. ಈಗ ಬರೆದ ಸಾಲು ಸುಳ್ಳು. ಹೊಡೆದುಹಾಕುವುದಿಲ್ಲ, ಹಾಗೇ ಇರಲಿ, ನಾನು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತೇನೆ ಅಂತ ನಿಮಗೂ ಗೊತ್ತಾಗಲಿ. ಅವರಿಗೆ ಆವತ್ತೇ ಎಲ್ಲ ಹೇಳಿದೆ. ‘ಸುಮ್ನಿರು, ಅಪ್ಪ ಎರಡು ದಿನ ಕೂಗಾಡಿ ಮರೀತಾರೆ. ಅಮ್ಮಂಗೆ ಇದೆಲ್ಲ ಅಭ್ಯಾಸ’ ಅಂದರು. ನನ್ನನ್ನು ಕಾಪಾಡಿದರು ಅಂತ ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತು ಗೊತ್ತಾ! ನಿಮ್ಮನ್ನು ಯಾರು ಕಾಪಾಡಬೇಕಿತ್ತು ಅಂತ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಸ ಮದುವೆಯವರಿಗೆ ಕಣ್ಣು ಕಾಣುವುದಿಲ್ಲ ಅನ್ನುತ್ತಾರೆ. ಚೆನ್ನಾಗಿಯೇ ಕಾಣುತ್ತಿತ್ತು, ನಮಗೆ ಬೇಕಾದಷ್ಟು ಮಾತ್ರ. ಆ ವಿಡಿಯೋವನ್ನೂ ಅಳಿಸಿಬಿಟ್ಟೆ. ಅದರಲ್ಲಿ ನನ್ನ ‘ನಡೀರಿ ನಡೀರಿ’ ಇತ್ತು. ಅದರ ಜೊತೆ ನೀವು ಬೆನ್ನು ನೆಟ್ಟಗೆ ಮಾಡಿಕೊಂಡು ಹೈವೇಯಲ್ಲಿ ಓಡಿಸಿದ್ದೂ ಹೋಯಿತು. ಅದಕ್ಕೆ ಇವತ್ತು ಅಳು ಬರುತ್ತಿದೆ.

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ‘ನಾನು ಅವರ ಮುಖ ಹೇಗೆ ನೋಡಲೇ ಈಗ’ ಅಂತ ಇಟ್ಟುಬಿಟ್ಟಳು. ಅಪ್ಪನಿಗೆ ಅವಳೇ ಹೇಳುತ್ತಾಳೆ. ಇನ್ನು ಉಳಿದವರು ಮಾವ. ಬಾಯಲ್ಲಿ ಹೇಳಲು ಧೈರ್ಯ ಸಾಲದು, ಈ ಕಾಗದವನ್ನೇ ಅವರ ಕೈಗೆ ಕೊಡುತ್ತೇನೆ. ಅವರು ಓದಿದ ಮೇಲೆ ನಿಮಗೆ ಅಂಚೆಗೆ ಹಾಕುತ್ತೇನೆ. ಬೈದರೆ ಬೈಯಲಿ. ತವರಿಗೆ ಹೋಗು ಅಂದರೆ ಅಲ್ಲಿಯೂ ಈಗ ನನ್ನ ಮುಖ ನೋಡುವವರಿಲ್ಲ!

ನೀವು ನನ್ನನ್ನು ಕ್ಷಮಿಸಬೇಕು ಅಂತ ಈ ಕಾಗದವಲ್ಲ. ನೀವು ಬಂದು ನನ್ನ ಹತ್ತಿರ ಮಾತಾಡದೆ ಇದ್ದರೂ ಸರಿ, ನಾನು ಎರಡೂ ಹೊತ್ತು ರಾಗಿ ಮುದ್ದೆ ತೊಳಸುತ್ತಾ ಮೂಲೆಯಲ್ಲಿ ಇರುತ್ತೇನೆ (ಈಗ ಗಂಟಿಲ್ಲದೆ ಬರುತ್ತದೆ). ಆದರೆ ಕಾರು ಬಿಡಬೇಡಿ. ನೀವು ಚೆನ್ನಾಗಿ ಓಡಿಸುತ್ತೀರಿ. ಹೊಗೆಯಲ್ಲಿ ಮುಂದೇನೂ ಕಾಣದಿದ್ದಾಗಲೂ ಇಂಡಿಕೇಟರ್ ಹಾಕಿದವರು ನೀವು. ಅದನ್ನು ನೋಡಿದ್ದು ನಾನೊಬ್ಬಳೇ, ಹಾಗಾಗಿ ನ್ಯಾಯವಾಗಿ ಹೇಳಬೇಕಾದವಳೂ ನಾನೊಬ್ಬಳೇ. ಇಷ್ಟು ತಡವಾಗಿ ಹೇಳುತ್ತಿದ್ದೇನೆ.

ನಿಮ್ಮ ಮಡಿಲಿಗೆ ಬಂದು, ಮಡಿಲಿನ ಬೆಲೆ ತಡವಾಗಿ ತಿಳಿದ
ಮೇಧಾ

ಮತ್ತೆ ಸೇರಿಸಿದ್ದು: ಮಾವ ಕಾಗದವನ್ನು ಹೊಂಗೆ ಮರದ ಕೆಳಗೆ ನಿಂತೇ ಓದಿದರು. ಒಂದೊಂದು ಹಾಳೆಯನ್ನೂ ಮತ್ತೆ ಹಿಂದಕ್ಕೆ ತಿರುಗಿಸಿ ಓದಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ‘ಗೋಣಿ ತಾಟಾ?’ ಅಂತ ಒಂದೇ ಮಾತು ಕೇಳಿದರು. ತಲೆಯಾಡಿಸಿದೆ. ಹಾಳೆಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟು, ‘ನೀನ್ ಮಾಡಿದ್ಕೆ ನಿಮ್ಮತ್ತೆ ತಾವ ಮಾಪಿ ನೀನ್ ಕೇಳ್ಕ. ಬೀಗರ ಮುಂದೆ ನಾನ್ ಆಡಿದ್ಕೆ ನಾನ್ ಕೇಳ್ಕಬೇಕು. ಅಂಚೆಗಾಕ್ಬೇಡ, ಅಂಟಾಕ್ ಕೊಡು, ನಾನೇ ತಕ್ಕಂಡೋಯ್ತೀನಿ’ ಅಂದರು. ಈಗ ಇಸ್ತ್ರಿ ಅಂಗಿ ಹಾಕಿಕೊಂಡು ಕಾರು ಒರೆಸುತ್ತಿದ್ದಾರೆ, ಹಾಗಾಗಿ ಈ ಕಾಗದ ನಿಮಗೆ ಕೊಡುವವರು ಅವರೇ. ಬಾಯಿಬಿಟ್ಟು ತಪ್ಪಾಯಿತು ಅನ್ನುವ ಗಂಡಸಲ್ಲ ಅಂತ ನನಗಿಂತ ನಿಮಗೆ ಗೊತ್ತು. ಒರೆಸುತ್ತಾ, ನಿಮ್ಮ ಮುಂದೆ ಹೇಳಬೇಕಾದ ಮಾತನ್ನು ತಮಗೆ ತಾವೇ ಕಲಿಯುತ್ತಿದ್ದರು, ಕಿಟಕಿಗೆ ಕೇಳಿಸಿತು: ‘ಬರಾವಾಗ ಎಡಗಾಲ್ ಇಡ್ಕತು ಕಣಮ್ಮಿ, ಕ್ಲಚ್ ತುಳಿಯಾಕಾಗಕಿಲ್ಲ. ವಾಪಸ್ ನೀನೇ ಓಡ್ಸು.’ ಅದಕ್ಕೇ ಇದನ್ನು ಬರೆದು ಅಂಟು ಹಾಕಿ ಕೊಡುತ್ತಿದ್ದೇನೆ. ಅವರ ಎಡಗಾಲಿಗೆ ಏನೂ ಆಗಿಲ್ಲ, ಅತ್ತೆ. ಕೇಳಲು ಹೋಗಬೇಡಿ. ಕೀಲಿ ಮಾತ್ರ ತೆಗೆದುಕೊಳ್ಳಿ.